ಮೂವತ್ತು ದಿನಕ್ಕೆ ಒಂದೇ ಶಬ್ದ

ಚೈತ್ರ ಹತ್ತಿರ ಬಂತೆಂದರೆ ಮುಂಬಯಿ, ಠಾಣೆ, ಡೊಂಬಿವಲಿಗಳಲ್ಲಿ ಅಕ್ಷರ ಕಲಿಸುವ ಕಮ್ಮಟಗಳ ಸುಗ್ಗಿ. ಮರಾಠಿಯವರು ಇದಕ್ಕೆ ‘ಸುಲೇಖನ’ ಎನ್ನುತ್ತಾರೆ. ಇಂಗ್ಲಿಷು ಬಲ್ಲವರು ಕ್ಯಾಲಿಗ್ರಫಿ ಎಂದೂ ಲೆಟರಿಂಗ್ ಎಂದೂ ಎರಡು ಭಾಗ ಮಾಡುತ್ತಾರೆ. ಲೇಖನಿಯ ಒಂದೊಂದೇ ಎಳೆತದಲ್ಲಿ ಬರೆದದ್ದು ಮೊದಲನೆಯದು, ಚಿತ್ರ ಬಿಡಿಸಿದಂತೆ ತಿದ್ದಿ ತೀಡಿ ಕಟ್ಟಿದ್ದು ಎರಡನೆಯದು. ಊರಲ್ಲಿದ್ದಾಗ ನಮಗೆ ಇಷ್ಟು ಹೆಸರುಗಳು ಗೊತ್ತಿರಲಿಲ್ಲ. ‘ದುಂಡಗೆ ಬರಿ’ ಅಂದರೆ ಮಾತು ಮುಗಿಯಿತು.

ಈ ಕಮ್ಮಟಗಳ ಕೊನೆಗೆ ಮಕ್ಕಳ ಕೈಗೆ ಒಂದು ಹಾಳೆ ಕೊಡುತ್ತಾರೆ. ಮೂವತ್ತು ದಿನ, ಮೂವತ್ತು ಶಬ್ದ. ದಿನಕ್ಕೊಂದು ಬರೆದು ಕೈ ಪಳಗಿಸಿಕೊಳ್ಳಬೇಕು. ವಸಂತಕ್ಕೆ ಬೇರೆ ಹಾಳೆ, ಮಳೆಗಾಲಕ್ಕೆ ಬೇರೆ. ನನ್ನ ಮಗಳು ತಂದ ವಸಂತದ ಹಾಳೆಯನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಟ್ಯುಲಿಪ್, ಡ್ಯಾಫೊಡಿಲ್, ಚೆರಿ ಬ್ಲಾಸಮ್, ಮೊಲದ ಮರಿ, ಹಕ್ಕಿಗೂಡು, ಚಿಟ್ಟೆ. ನಡುವೆ ಎಲ್ಲೋ ಒಂದು ಕಡೆ, ನಮ್ಮವರಿಗೂ ಇರಲಿ ಅಂತ, ‘ಆಂಬಾ’. ಎಲ್ಲವನ್ನೂ ತಿಳಿಗುಲಾಬಿ, ತಿಳಿಹಳದಿ ಬಣ್ಣದಲ್ಲಿ ಬರೆಯಿರಿ ಎಂಬ ಸೂಚನೆ ಬೇರೆ.

ಟ್ಯುಲಿಪ್ ನಮ್ಮದಲ್ಲ ಎಂದು ನಗುವುದು ಸುಲಭ. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಟ್ಯುಲಿಪ್ ತೆಗೆದು ಮಲ್ಲಿಗೆ ಹಾಕಿದರೆ ಹಾಳೆ ಸ್ವದೇಶಿ ಆಯಿತು ಎಂದು ಅವರಿಗೆ ಸಮಾಧಾನ. ನನ್ನ ತಕರಾರು ಹೂವಿನ ಜಾತಿಯದ್ದಲ್ಲ, ಹಾಳೆಯ ಲೆಕ್ಕದ್ದು. ದಿನಕ್ಕೊಂದು ಹೊಸ ಶಬ್ದ ಎಂದರೆ ಯಾವ ಶಬ್ದವೂ ಕೈಗೆ ಎರಡನೇ ಸಲ ಸಿಗುವುದಿಲ್ಲ. ಎಲ್ಲಿ ಇಕ್ಕಟ್ಟಾಗುತ್ತದೆ, ಎಲ್ಲಿ ಸುಮ್ಮನೆ ಜಾಗ ಉಳಿಯುತ್ತದೆ ಎಂದು ತಿಳಿಯುವಷ್ಟರಲ್ಲಿ ದಿನ ಮುಗಿದಿರುತ್ತದೆ. ಮರುದಿನ ಬೇರೆ ಶಬ್ದ, ಬೇರೆ ಇಕ್ಕಟ್ಟು. ಸರಿಯಾಗದ್ದನ್ನು ಮುಚ್ಚಲು ಅಕ್ಷರದ ಸುತ್ತ ಬಳ್ಳಿ, ಎಲೆ, ಹಕ್ಕಿ. ತಿಂಗಳು ಮುಗಿಯುವ ಹೊತ್ತಿಗೆ ಹುಡುಗಿ ಬಳ್ಳಿ ಬಿಡಿಸುವುದನ್ನು ಚೆನ್ನಾಗಿ ಕಲಿತಿರುತ್ತಾಳೆ. ಅಕ್ಷರ ಮಾತ್ರ ಇದ್ದಲ್ಲೇ ಇರುತ್ತದೆ.

ಹಾಗಂತ ನಮ್ಮ ಕಾಲದ ಕಾಪಿ ಬರೆಯುವ ಪದ್ಧತಿಯನ್ನು ಹೊಗಳುವ ಮನಸ್ಸೂ ನನಗಿಲ್ಲ. ಧಾರವಾಡದ ಕಡೆಯ ಸರಕಾರಿ ಶಾಲೆಯಲ್ಲಿ ಕಲಿತವನು ನಾನು. ದಿನಕ್ಕೊಂದು ಪುಟ ಬರೆಯಲೇಬೇಕಿತ್ತು. ಮೇಲಿನ ಸಾಲು ಅಚ್ಚಿನದು, ಕೆಳಗಿನವು ನಮ್ಮವು. ಮೊದಲ ಸಾಲನ್ನು ಅಚ್ಚು ನೋಡಿ ಬರೆಯುತ್ತಿದ್ದೆವು, ಎರಡನೆಯದನ್ನು ನಮ್ಮದೇ ಮೊದಲನೆಯದನ್ನು ನೋಡಿ. ಹತ್ತನೇ ಸಾಲಿಗೆ ಬರುವಾಗ ಒಂಬತ್ತನೆಯದರ ಸೊಟ್ಟವೇ ನಮಗೆ ಮೇಲ್ಪಂಕ್ತಿ. ಕಾಪಿಯ ಕೊನೆಯ ಸಾಲು ಮೊದಲಿನದಕ್ಕಿಂತ ಕೆಟ್ಟಿರುವುದು ಯಾಕೆ ಎಂದು ಯಾವ ಮಾಸ್ತರರೂ ಕೇಳಿದ್ದು ನೆನಪಿಲ್ಲ. ಅಲ್ಲಿ ಮತ್ತೆ ಮತ್ತೆ ಬರೆಯುವುದಿತ್ತು, ಕಣ್ಣೆತ್ತಿ ನೋಡುವುದಿರಲಿಲ್ಲ. ಈಗಿನ ಹಾಳೆಯಲ್ಲಿ ನೋಡುವುದರ ಮಾತು ಬಹಳ ಇದೆ, ಮತ್ತೆ ಬರೆಯುವುದು ಇಲ್ಲ.

ಎರಡನ್ನೂ ಕೂಡಿಸಿದವರೊಬ್ಬರು ನಮ್ಮ ಸೊಸೈಟಿಯಲ್ಲೇ ಇದ್ದಾರೆ. ನಿವೃತ್ತ ಚಿತ್ರಕಲಾ ಶಿಕ್ಷಕರು. ಎಲ್ಲರೂ ‘ಸರ್’ ಎಂದೇ ಕರೆಯುತ್ತಾರೆ. ಮಹಾರಾಷ್ಟ್ರದ ಶಾಲೆಗಳಲ್ಲಿ ‘ಫಲಕಲೇಖನ’ ಎಂಬ ಪದ್ಧತಿ ಇದೆ. ಶಾಲೆಯ ಮುಂದಿನ ಕರಿಹಲಗೆಯ ಮೇಲೆ ಹಬ್ಬ, ಜಯಂತಿ, ಋತು ನೋಡಿಕೊಂಡು ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಮತ್ತು ಬರಹ. ನಿವೃತ್ತಿಯ ನಂತರ ಸರ್ ಅದನ್ನು ನಮ್ಮ ಗೇಟಿನ ಒಳಗಿನ ಹಲಗೆಗೆ ತಂದರು. ಹಲಗೆಯ ಬಹುಭಾಗ ನೀರಿನ ಟ್ಯಾಂಕ್ ತೊಳೆಯುವ ದಿನ, ಮೆಂಟೆನೆನ್ಸ್ ಬಾಕಿ ಇಂಥವಕ್ಕೆ ಮೀಸಲು. ಬಲಮೂಲೆಯ ಒಂದು ಮೊಳ ಅವರದು. ಫಾಲ್ಗುಣದ ಕೊನೆಯಿಂದ ಅಲ್ಲಿ ದಿನವೂ ಒಂದೇ ಶಬ್ದ: ‘ಪಾಲವೀ’. ಮರಾಠಿಯಲ್ಲಿ ಎಳೆ ಚಿಗುರು ಎಂದರ್ಥ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ನಿನ್ನೆಯದನ್ನು ಒರೆಸಿ, ಗೇಟಿನೆದುರಿನ ಮರವನ್ನು ನೋಡಿ, ಮತ್ತೆ ಅದನ್ನೇ ಬರೆಯುತ್ತಾರೆ. ವಾಕಿಂಗ್ ಹೋಗುವವರಿಗೆ ಅದು ನಿನ್ನೆಯದೇ ಎಂದು ಕಾಣುತ್ತದೆ.

ನಿನ್ನೆಯದಲ್ಲ. ಕೊನೆಯ ‘ವೀ’ಯ ಮೇಲೆ ಬಾಗುವ ದೀರ್ಘದ ಗುರುತಿಗೆ ಮರಾಠಿಯವರು ವೇಲಾಂಟಿ ಎನ್ನುತ್ತಾರೆ, ಹೆಸರಿನಲ್ಲೇ ‘ವೇಲ್’, ಅಂದರೆ ಬಳ್ಳಿ, ಕೇಳಿಸುತ್ತದೆ. ಮೊದಲ ದಿನಗಳಲ್ಲಿ ಆ ವೇಲಾಂಟಿ ಗಿಡ್ಡಗೆ, ಮುದುಡಿ ಕೂತಿತ್ತು. ಒಂದು ವಾರದಲ್ಲಿ ಅದು ಮೇಲೆದ್ದು ಪಕ್ಕಕ್ಕೆ ವಾಲಿತು. ಆಮೇಲೆ ಅಕ್ಷರಗಳ ನಡುವಿನ ಜಾಗ ಕಮ್ಮಿಯಾಗುತ್ತ ಬಂತು, ಎಲೆ ದಟ್ಟವಾದ ಹಾಗೆ. ಒಂದು ಎಲೆಯ ಚಿತ್ರವನ್ನೂ ಅವರು ಬಿಡಿಸಲಿಲ್ಲ. ಸರ್ ಅಕ್ಷರ ಬಹಳ ಸುಂದರ ಎಂದು ನಾನು ಹೇಳಲಾರೆ. ಅವರ ‘ಪ’ ಯಾವಾಗಲೂ ಸ್ವಲ್ಪ ಬಿಗಿ, ಶಾಲೆಯ ಶಿಸ್ತು ಇನ್ನೂ ಬಿಟ್ಟಿಲ್ಲ. ಆದರೆ ಈ ಭಾಗದಲ್ಲಿ ನಾನು ಕಂಡ ವಸಂತದ ಬರಹಗಳಲ್ಲಿ ಋತು ಅಕ್ಷರದ ಒಳಗೆ ಹೋಗಿದ್ದು ಆ ಒಂದು ಮೊಳದಲ್ಲಿ ಮಾತ್ರ. ಪಾಡವಾ ದಿನದ ಹೊಸವರ್ಷದ ಮೆರವಣಿಗೆ ಡೊಂಬಿವಲಿಯಲ್ಲಿ 1999ರಲ್ಲಿ ಶುರುವಾಯಿತು. ಅವತ್ತು ರಸ್ತೆಯುದ್ದಕ್ಕೂ ದೊಡ್ಡ ದೊಡ್ಡ ರಂಗೋಲಿ, ಢೋಲು. ಆದರೆ ಫ್ಲೆಕ್ಸುಗಳ ಮೇಲಿನ ಅಕ್ಷರ ಹೋದ ವರ್ಷದ್ದೇ, ಇಸವಿ ಮಾತ್ರ ಬದಲು.

ಮಗಳಿಗೆ ಹೇಳಿದೆ, ಆ ಹಾಳೆ ಬಿಡು, ನೀನೂ ಒಂದೇ ಶಬ್ದ ಬರಿ, ಕನ್ನಡದಲ್ಲಿ ಬರಿ ಎಂದು. ಶಬ್ದವನ್ನು ಅವಳೇ ಆರಿಸಿದಳು: ‘ಚಿಗುರು’. ಮೊದಲ ದಿನ ಪೆನ್ಸಿಲ್ ಹಿಡಿದು ಕೇಳಿದ ಪ್ರಶ್ನೆ ಇದು: “ಅಪ್ಪಾ, ಕನ್ನಡದಾಗ ಮ್ಯಾಲಿನ ಗೆರಿ ಎಲ್ಲೆ ಹಾಕೂದು?”

ಊರಲ್ಲಿರುವ ನಿಮಗೆ ಈ ಪ್ರಶ್ನೆ ನಗು ತರಿಸಬಹುದು. ಬಸ್ಸಿನ ಹಣೆಯಿಂದ ಹಿಡಿದು ಕಿರಾಣಿ ಅಂಗಡಿಯ ತಗಡಿನವರೆಗೆ ನಿಮ್ಮ ಸುತ್ತ ಕನ್ನಡ ಅಕ್ಷರವೇ. ನೋಡದೆ ನೋಡಿ ನೋಡಿಯೇ ಕಣ್ಣಿಗೆ ಅದು ಹತ್ತಿರುತ್ತದೆ. ಇಲ್ಲಿ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಚಲೋ ಆಡುತ್ತಾರೆ. ಆದರೆ ಅವರ ಕಣ್ಣಿಗೆ ದಿನಾ ಬೀಳುವುದು ದೇವನಾಗರಿ ಮತ್ತು ರೋಮನ್. ಮುಂಬಯಿ ಮಹಾನಗರಪಾಲಿಕೆಯ ಶಾಲೆಗಳ ಎಂಟು ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಆದರೆ ನಮ್ಮಂಥವರ ಮಕ್ಕಳು ಆ ಕಡೆ ಹೋಗುವುದು ಎಂದೋ ನಿಂತಿದೆ. ನನ್ನದೇ ನೋಡಿ: ಊರಿಗೆ ಕಾಗದ ಬರೆಯುವುದು ಫೋನ್ ಬಂದ ಮೇಲೆ ಹೋಯಿತು, ಸಾಮಾನಿನ ಚೀಟಿ ಅಂಗಡಿಯವನಿಗೆ ತಿಳಿಯಲಿ ಎಂದು ಮರಾಠಿಯಲ್ಲಿ, ಬ್ಯಾಂಕಿನದು ಇಂಗ್ಲಿಷಿನಲ್ಲಿ. ಕೈಯಿಂದ ಕನ್ನಡ ಬರೆಯುವ ಸಂದರ್ಭ ವಾರದಲ್ಲಿ ಒಂದು ಬಂದರೆ ಹೆಚ್ಚು. ನಾಲಿಗೆಯ ಕನ್ನಡ ಹೋಗುತ್ತದೆ ಎಂದು ನಮ್ಮ ಸಂಘಗಳಲ್ಲಿ ಭಾಷಣ ಆಗುತ್ತದೆ. ಕೈಯ ಕನ್ನಡ ಅದಕ್ಕಿಂತ ಮೊದಲೇ ಹೋಗುತ್ತದೆ, ಸದ್ದಿಲ್ಲದೆ.

“ಗೆರಿ ಇಲ್ಲವ್ವಾ. ಒಂದೊಂದಕ್ಕ ಒಂದೊಂದು ತಲಿಕಟ್ಟು” ಅಂದೆ.

ಈ ಒಂದು ವ್ಯತ್ಯಾಸದಲ್ಲಿ ಎಷ್ಟೋ ವಿಷಯ ಇದೆ. ದೇವನಾಗರಿಯಲ್ಲಿ ಶಬ್ದ ಪೂರ್ತಿ ಒಂದು ಗೆರೆಗೆ ಜೋತುಬೀಳುತ್ತದೆ, ಬಾಗಿಲಿನ ತೋರಣದ ಹಾಗೆ. ಮೋಡಿ ಲಿಪಿಯಲ್ಲಂತೂ ಪುಟದ ಉದ್ದಕ್ಕೂ ಗೆರೆಯನ್ನು ಮೊದಲೇ ಎಳೆದುಕೊಂಡು, ಆಮೇಲೆ ಲೇಖನಿ ಎತ್ತದೆ ಅಕ್ಷರ ಪೋಣಿಸುತ್ತಿದ್ದರು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಕಡೆಯ ಹಳೇ ಮನೆಗಳ ಹೊಲದ ಕಾಗದಗಳಲ್ಲಿ ಅದನ್ನು ನೀವು ಕಂಡಿರಬಹುದು. ಅಚ್ಯುತ ಪಾಲವ್ ಆ ಮೋಡಿಯನ್ನು ಅಭ್ಯಾಸ ಮಾಡಿ, ಅದರ ಓಟವನ್ನು ದೇವನಾಗರಿಗೆ ಬೆರೆಸಿ ‘ಮುಕ್ತಲಿಪಿ’ ಮಾಡಿದರು. ಇವತ್ತು ಇಲ್ಲಿನ ಮದುವೆ ಪತ್ರಿಕೆ, ನಾಟಕದ ಪೋಸ್ಟರುಗಳಲ್ಲಿ ಕಾಣುವ ಹಾರುವ ದೇವನಾಗರಿಯ ಹಿಂದೆ ಆ ಕೆಲಸದ ನೆರಳಿದೆ. ಅದು ಒಳ್ಳೆಯ ಕೆಲಸ. ತೊಂದರೆ ಏನೆಂದರೆ, ಅದನ್ನು ನೋಡಿ ಕಲಿತವರು ಅದೇ ಓಟವನ್ನು ಕನ್ನಡಕ್ಕೂ ಹಾಕುತ್ತಾರೆ. ಕನ್ನಡದ ಅಕ್ಷರ ಒಂದೊಂದೂ ತನ್ನಷ್ಟಕ್ಕೆ ಮುಗಿಯುವಂಥದು. ಓಡಿಸಲು ಹೋದರೆ ತಲೆಕಟ್ಟುಗಳು ಒಂದಕ್ಕೊಂದು ಅಂಟಿ ಸುಳ್ಳು ಶಿರೋರೇಖೆ ಹುಟ್ಟುತ್ತದೆ. ಮುಂಬಯಿಯ ಕನ್ನಡ ಸಮಾರಂಭಗಳ ಬ್ಯಾನರಿನಲ್ಲಿ ‘ಯುಗಾದಿ’ಯನ್ನು ಹೀಗೆ ಗೆರೆಗೆ ತೂಗುಹಾಕಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ದೂರದಿಂದ ನೋಡಿದರೆ ಮರಾಠಿ, ಹತ್ತಿರ ಹೋದರೆ ಕನ್ನಡ.

ಲೇಖನಿಯ ಮಾತೂ ಹಾಗೇ. ದೇವನಾಗರಿಗೆ ಬೋರು ಬೇಕು. ಅದರ ತುದಿಯನ್ನು ಅಗಲವಾಗಿ ಓರೆಯಾಗಿ ಕತ್ತರಿಸಿರುತ್ತಾರೆ, ಅದರಿಂದಲೇ ದಪ್ಪ ತೆಳುವಿನ ಚೆಲುವು. ಅದೇ ಬೋರುವಿನಲ್ಲಿ ‘ವ’ ಬರೆದು ನೋಡಿ. ಹೊಟ್ಟೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಬತ್ತಿರುತ್ತದೆ. ನಮ್ಮವರು ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಗೀರಿದರು. ಅಲ್ಲಿ ದಪ್ಪವೂ ಇಲ್ಲ, ತೆಳುವೂ ಇಲ್ಲ. ಕಡತದ ಮೇಲೆ, ಅಂದರೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆಯ ಮಡಿಕೆಗಳ ಮೇಲೆ, ಬಳಪದಿಂದ ಬರೆದರು. ಅಲ್ಲಿಯೂ ಗೆರೆ ಸಮ. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. ಕನ್ನಡದ ಮೊದಲ ಪತ್ರಿಕೆಯನ್ನು ಜನ ಓದಿದ್ದು ಯಾರೋ ಕೈಯಿಂದ ಬರೆದ ಅಕ್ಷರದಲ್ಲಿ. ಹಾಗಾಗಿ ಕನ್ನಡದ ಚೆಲುವು ಗೆರೆಯ ದಪ್ಪದಲ್ಲಿಲ್ಲ, ತಿರುವಿನಲ್ಲಿದೆ. ಸಮನಾದ ಗೆರೆ ಎಲ್ಲಿ ಎಷ್ಟು ಬಾಗುತ್ತದೆ ಎಂಬುದೇ ಇಡೀ ಆಟ.

ಇದನ್ನು ಅರಿತ ಮರಾಠಿಯವರೂ ಇದ್ದರು ಎಂದು ಹೇಳಲೇಬೇಕು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ‘ತುಂಗಾ’ ಅಕ್ಷರಜೋಡಣೆ ನೆನಪಿದೆಯೇ? ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡವನ್ನು ನಮ್ಮಲ್ಲಿ ಅನೇಕರು ಮೊದಲು ಓದಿದ್ದು ಅದರಲ್ಲೇ. ಅದು ರೂಪುಗೊಂಡಿದ್ದು ಮುಂಬಯಿಯ ಆರ್.ಕೆ. ಜೋಶಿಯವರ ನಿರ್ದೇಶನದಲ್ಲಿ. ದೇವನಾಗರಿಯ ‘ಮಂಗಲ್’ ಅಕ್ಷರವೂ ಅವರದೇ. ಮರಾಠಿ ಕವಿ, ಅಕ್ಷರಕಲೆಯ ಗುರು, 2008ರಲ್ಲಿ ತೀರಿಕೊಂಡರು. ತುಂಗಾ ಪರದೆಯ ಮೇಲೆ ನನಗೆ ಸ್ವಲ್ಪ ಸಣ್ಣದಾಗಿ, ತೆಳುವಾಗಿ ಕಾಣುತ್ತಿತ್ತು. ಆದರೂ ಅದರ ತಿರುವುಗಳಲ್ಲಿ ದೇವನಾಗರಿಯ ವಾಸನೆ ಇಲ್ಲ. ಪರಭಾಷೆಯವನೊಬ್ಬ ನಮ್ಮ ಅಕ್ಷರವನ್ನು ನಮ್ಮಷ್ಟೇ ತಾಳ್ಮೆಯಿಂದ ನೋಡಿದರೆ ಹೀಗಾಗುತ್ತದೆ.

‘ಚಿಗುರು’ ಎಂಬುದು ಸಣ್ಣ ಶಬ್ದ, ಆದರೆ ಸುಲಭದ್ದಲ್ಲ. ‘ಚಿ’ಯಲ್ಲಿ ತಲೆಕಟ್ಟು ಹೋಗಿ ಗುಡಿಸು ಬರುತ್ತದೆ, ಆಮೇಲಿನ ಎರಡರಲ್ಲೂ ತಲೆಕಟ್ಟು. ‘ಗು’, ‘ರು’ ಎರಡಕ್ಕೂ ಕೊಂಬು, ಅದೂ ಒಂದರ ಬೆನ್ನಿಗೆ ಒಂದು. ಅಚ್ಚಿನಲ್ಲಿ ಎರಡೂ ಕೊಂಬು ಒಂದೇ ಅಳತೆ. ಕೈಬರಹದಲ್ಲಿ ಹಾಗೇ ಬರೆದರೆ ಶಬ್ದ ಕುಂಟುತ್ತದೆ. ಧಾರವಾಡದ ಪೇಟೆಯಲ್ಲಿ ಬೋರ್ಡು ಬರೆಯುತ್ತಿದ್ದ ಪೇಂಟರುಗಳು ಇಂಥಲ್ಲಿ ಮೊದಲ ಕೊಂಬನ್ನು ಗಿಡ್ಡ ಮಾಡಿ ಕೊನೆಯದನ್ನು ಉದ್ದಕ್ಕೆ ಬಿಡುತ್ತಿದ್ದರು. ಅವರಿಗೆ ಯಾವ ಕಮ್ಮಟದಲ್ಲೂ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಫ್ಲೆಕ್ಸ್ ಬಂದ ಮೇಲೆ ಆ ಕೈಗಳಿಗೆ ಕೆಲಸವಿಲ್ಲ. ಕೆಲಸದ ಜೊತೆ ಆ ತಿಳಿವಳಿಕೆಯೂ ಹೋಯಿತು.

ಮಗಳು ಐದು ದಿನ ಎರಡೂ ಕೊಂಬನ್ನು ಒಂದೇ ಅಳತೆಗೆ ಬರೆದಳು. ನಾನು ಬಾಯಿ ಬಿಡಲಿಲ್ಲ. ಆರನೆಯ ದಿನ ಗೇಟಿನ ಮರ ನೋಡಿಕೊಂಡು ಬಂದಳು. ಅದು ಹೊಂಗೆ, ಇಲ್ಲಿಯ ಮಾತಿನಲ್ಲಿ ಕರಂಜ. ಈ ಮರದ ವಿಶೇಷ ಊರಲ್ಲಿರುವ ನಿಮಗೆ ಗೊತ್ತೇ ಇದೆ: ಹಳೆಯ ಎಲೆ ಹಣ್ಣಾಗಿ ಉದುರುವುದೂ ಹೊಸದು ಚಿಗುರುವುದೂ ಹೆಚ್ಚುಕಡಿಮೆ ಒಟ್ಟೊಟ್ಟಿಗೆ. ಬೆಳಿಗ್ಗೆ ಕಸ ಗುಡಿಸುವ ಬಾಯಿ ಬೈದುಕೊಳ್ಳುತ್ತ ರಾಶಿ ಮಾಡುವ ಹಳದಿ ಎಲೆಯ ಮೇಲೇ ಎಳೆಯ ಕೆಂಪು ಕಾಣುತ್ತದೆ. ಆ ಹಾಳೆಯ ವಸಂತದಲ್ಲಿ ಇದಕ್ಕೆ ಜಾಗ ಇಲ್ಲ. ಅಲ್ಲಿ ಎಲೆ ಉದುರುವುದಕ್ಕೆ ಬೇರೆ ಋತು, ಬೇರೆ ಹಾಳೆ. ಬಣ್ಣವೂ ಹಾಗೆ. ನಮ್ಮ ಚಿಗುರು ತಿಳಿಗುಲಾಬಿ ಅಲ್ಲ. ಮಾವಿನ ಎಳೆ ಎಲೆ ತಾಮ್ರದ ಬಣ್ಣ, ಸತ್ತಂತೆ ಜೋತುಬಿದ್ದಿರುತ್ತದೆ, ಹಸಿರಾಗುತ್ತ ಬಂದ ಹಾಗೆ ಸೆಟೆದು ನಿಲ್ಲುತ್ತದೆ. ಅರಳಿಯದೂ ತಾಮ್ರವೇ. ಕಲ್ಯಾಣ ದಾಟಿ ಕರ್ಜತ್ ಕಡೆ ರೈಲಿನಲ್ಲಿ ಹೋದರೆ ಎಲೆಯಿಲ್ಲದ ಮುತ್ತುಗದ ಮೇಲೆ ಬೆಂಕಿಯಂಥ ಹೂವು. ಇದರಲ್ಲಿ ಯಾವುದೂ ಮಗುವಿನ ಕೋಣೆಗೆ ಬಳಿಯುವ ಬಣ್ಣವಲ್ಲ. ಯುಗಾದಿಗೆ ಹೊಸ್ತಿಲಿಗೆ ಬಳಿಯಲೆಂದು ಮನೆಯವಳು ಊರಿಂದ ತಂದಿಟ್ಟ ಕೆಮ್ಮಣ್ಣು ಡಬ್ಬಿಯಲ್ಲಿತ್ತು. ಅದನ್ನೇ ನೀರಲ್ಲಿ ಕಲಸಿ ಮಗಳು ಬ್ರಶ್ಶಿನಿಂದ ಬರೆದಳು. ಕೆಮ್ಮಣ್ಣು ಒಣಗುವಾಗ ಸ್ವಲ್ಪ ಬಿಳಚಿಕೊಳ್ಳುತ್ತದೆ. ಎರಡು ಸಲ ಬಳಿಯಲು ಹೋದರೆ ಅಂಚು ಕೆಡುತ್ತದೆ. ಅದರಿಂದ ಒಂದು ಲಾಭ ಆಯಿತು, ತಿದ್ದುವ ಚಟ ಬಿಟ್ಟಿತು.

ಆ ಆರನೆಯ ದಿನ ‘ಗು’ವಿನ ಕೊಂಬು ಗಿಡ್ಡವಾಯಿತು. ಯಾಕೆ ಎಂದು ಕೇಳಿದರೆ ಮಗಳಿಗೆ ಹೇಳಲು ಬರಲಿಲ್ಲ. “ಮೊದಲನೇದು ಇನ್ನಾ ಸಣ್ಣದದ, ಅದಕ್ಕ” ಅಂದಳು. ಪೇಂಟರು ಅಳತೆ ನೋಡಿ ಕಂಡುಕೊಂಡಿದ್ದನ್ನು ಇವಳು ಮರ ನೋಡಿ ಕಂಡುಕೊಂಡಳು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅದು ಪೂರ್ತಿ ನಿಜವಲ್ಲ. ಐದು ದಿನ ಒಂದೇ ಶಬ್ದ ಬರೆದು ಇಕ್ಕಟ್ಟು ಎಲ್ಲಿದೆ ಎಂದು ಕೈಗೆ ಗೊತ್ತಾಗಿತ್ತು. ಮರ ಒಂದು ನೆಪ ಕೊಟ್ಟಿತು. ಹೊಂಗೆಯ ಬದಲು ಎದುರು ಮನೆಯ ಟೆಲಿಫೋನ್ ಕಂಬವನ್ನೇ ನೋಡಿ ಬಂದಿದ್ದರೂ ಆಗುತ್ತಿತ್ತೋ ಏನೋ ಎಂದು ಹೆಂಡತಿ ಚೇಷ್ಟೆ ಮಾಡಿದಳು. ಆಗುತ್ತಿರಲಿಲ್ಲ ಎಂದು ನನ್ನ ವಾದ. ಕಂಬ ಆರು ದಿನವೂ ಒಂದೇ ಥರ ಇರುತ್ತದೆ. ದಿನಾ ನೋಡುವ ಮರ ದಿನಾ ತುಸು ಬೇರೆ ಆಗಿರುತ್ತದೆ, ಆದರೆ ಬೇರೆ ಮರ ಆಗಿರುವುದಿಲ್ಲ. ಒಂದೇ ಶಬ್ದವನ್ನು ದಿನಾ ಬರೆಯುವವರಿಗೆ ಬೇಕಾದ ಸಾಮಾನು ಅದೇ, ವಸಂತದಲ್ಲಿ ಅದು ಧಾರಾಳವಾಗಿ ಸಿಗುತ್ತದೆ.

ಅಕ್ಷರವನ್ನು ಎಲೆಯ ಹಾಗೆ ಬರೆಯಬೇಕು ಎಂದು ನಾನು ಹೇಳುತ್ತಿಲ್ಲ. ಅದು ಇನ್ನೊಂದು ರೋಗ. ‘ವಸಂತ’ವನ್ನೇ ತೆಗೆದುಕೊಳ್ಳಿ. ದೇವನಾಗರಿಯಲ್ಲಿ ಅನುಸ್ವಾರ ತಲೆಯ ಮೇಲಿನ ಚುಕ್ಕಿ. ಅಲ್ಲೊಂದು ಹೂವು ಇಡುವುದು ಮರಾಠಿ ಕಲಾವಿದರ ಹಳೇ ಆಟ. ಜಡೆಗೆ ಮುಡಿದಂತೆ ಅದು ಒಪ್ಪುತ್ತದೆ ಕೂಡ. ಕನ್ನಡದ ಸೊನ್ನೆ ಸಾಲಿನಲ್ಲೇ, ಉಳಿದವರ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ಅಕ್ಷರ. ಅದರ ಜಾಗದಲ್ಲಿ ಹೂವು ಇಟ್ಟರೆ ‘ವಸ’ ಒಂದು ಕಡೆ, ‘ತ’ ಇನ್ನೊಂದು ಕಡೆ, ನಡುವೆ ಒಂದು ಹೂಕುಂಡ. ‘ಮಾವು’, ‘ಬೇವು’ಗಳಲ್ಲಿ ಇದಕ್ಕಿಂತ ಹೆಚ್ಚಿನ ಅಪಾಯ. ‘ವು’ವಿನ ಕೊಂಬನ್ನು ಕೆಳಕ್ಕೆ ಇಳಿಸಿ ಬರೆಯುವುದು ಅದು ‘ಮ’ ಆಗಿಬಿಡಬಾರದು ಎಂದು. ಆ ಇಳಿದ ಕೊಂಬನ್ನು ಮಾವಿನ ಎಲೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಎಲೆ ಮೇಲಕ್ಕೆ ಚಿಮ್ಮಿತೋ, ‘ಬೇವು’ ಹೋಗಿ ‘ಬೇಮ’. ಈ ವರ್ಷ ನನ್ನ ಫೋನಿಗೆ ಬಂದ ಯುಗಾದಿ ಶುಭಾಶಯಗಳಲ್ಲಿ ಎರಡು ‘ಬೇಮ’ ಇದ್ದವು. ಒಂದು ಬೆಂಗಳೂರಿನಿಂದಲೇ ಬಂದಿದ್ದು. ಹಾಗಾಗಿ ಹೊರನಾಡಿನವರದು ಮಾತ್ರ ಈ ಕಷ್ಟ ಎಂದು ನೀವು ತಿಳಿಯಬೇಡಿ.

ಸರ್ ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಾಗ ಮಗಳ ವಹಿ ನೋಡಿದರು. ಕನ್ನಡ ಓದಲು ಬಾರದ ಅವರು ಹದಿನಾರನೆಯ ಪುಟದ ‘ರು’ ಮೇಲೆ ಬೆರಳಿಟ್ಟು, ಇದು ಹದಿನೈದನೆಯದಕ್ಕಿಂತ ಚಲೋ, ಹದಿನೇಳನೆಯದು ಗಡಿಬಿಡಿಯಲ್ಲಿ ಬರೆದಿದ್ದು ಎಂದರು. ನಾನು ಮನೆಗೆ ಬಂದು ನೋಡಿದೆ. ಹದಿನೇಳನೆಯ ದಿನ ಅವಳ ಗಣಿತದ ಪರೀಕ್ಷೆ. ಗೇಟಿನ ಹಲಗೆಯ ಮೇಲೆ ‘ಪಾಲವೀ’ಯ ಪಕ್ಕದಲ್ಲಿ ‘ಚಿಗುರು’ ಬರೆಯಬಹುದೇ ಎಂದು ಅವರೇ ಕೇಳಿದರು. ಒಂದು ದಿನ ಬರೆದರು ಕೂಡ. ತಲೆಕಟ್ಟುಗಳು ಕೂಡಿಕೊಂಡು ಗೆರೆಯಾಗಿದ್ದವು. ಮಗಳು ಒದ್ದೆ ಬೆರಳಿನಿಂದ ನಡುವೆ ಎರಡು ಕಡೆ ಒರೆಸಿ ಬಿಡಿಸಿದಳು. ಅವರು ನಕ್ಕು, ಮರುದಿನ ಬಿಡಿಬಿಡಿಯಾಗಿಯೇ ಬರೆದರು.

ಅಕ್ಷಯ ತದಿಗೆ ಹೊತ್ತಿಗೆ ಹೊಂಗೆಯ ಎಲೆಗಳೆಲ್ಲ ಒಂದೇ ಹಸಿರಾಗಿ, ನೋಡಲು ಹೊಸದೇನೂ ಉಳಿಯಲಿಲ್ಲ. ಶಬ್ದ ಬದಲಿಸುವ ಹೊತ್ತು. ಮಗಳು ‘ಬಿಸಿಲು’ ಅಂದಳು, ಇಲ್ಲಿಯ ಸೆಕೆಯಲ್ಲಿ ಬೇರೆ ಏನು ಹೊಳೆಯಬೇಕು. ಅದರಲ್ಲಿ ಬೇರೆಯೇ ತಂಟೆ. ಮೊದಲೆರಡಕ್ಕೂ ಗುಡಿಸು, ಒಂದು ಗುಂಡಗೆ ಬಂದರೆ ಇನ್ನೊಂದು ಚಪ್ಪಟೆ. ‘ಲ’ಕ್ಕೆ ತಲೆಕಟ್ಟೇ ಇಲ್ಲ ಎಂದು ನಾನು ಹೇಳಿರಲಿಲ್ಲ. ಮೂರು ದಿನ ಅದಕ್ಕೂ ಒಂದನ್ನು ಹಾಕಿದಳು. ನಾಲ್ಕನೆಯ ದಿನ ಗೋಡೆಯ ಮೇಲಿನ ಊರಿನ ಕ್ಯಾಲೆಂಡರಿನ ಮುಂದ ಬಹಳ ಹೊತ್ತು ನಿಂತು ನೋಡಿ, ಬಂದು ಅದನ್ನು ತೆಗೆದಳು.